ರಾಜಕುಮಾರನಿಗೆ ಮೂರು ಅಂಕ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಟದ ವಿಮರ್ಶೆ ಓದಿ ಬೇಸರವಾಯಿತು. 1989ರ ಆಟದ ಬಗ್ಗೆ ಬರೆಯಲು, ಅದು ಬಂದು 15 ವರ್ಷವಾದ ಮೇಲೆ ಹುಟ್ಟಿದ ವಿದ್ಯಾರ್ಥಿನಿಯೇ ಬೇಕಿತ್ತೇ? ‘ಗುಂಡಿ ಒತ್ತಿದರೆ ರಾಜಕುಮಾರ ಸ್ವಲ್ಪ ಯೋಚಿಸಿ ಹಾರುತ್ತಾನೆ’ ಎಂದು ಗೇಲಿ ಮಾಡಿ, 5ಕ್ಕೆ 3 ಅಂಕ ಕೊಟ್ಟಿದ್ದಾರೆ. ಅದನ್ನು ಮೊದಲ ಸಲ ಕಂಡಾಗ ನಮಗಾದ ರೋಮಾಂಚನ ಇವರಿಗೆ ಹೇಗೆ ತಿಳಿಯಬೇಕು? ಹಳೆಯ ಆಟಗಳ ಬಗ್ಗೆ ಅವನ್ನು ಆಡಿ ಬೆಳೆದವರೇ ಬರೆಯಲಿ.
— ಹಳೆಯ ಓದುಗ, ದಾವಣಗೆರೆ

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರ ಇನ್‌ಲ್ಯಾಂಡ್ ಕಾಗದದಲ್ಲಿ, ಮಡಿಕೆಯ ಅಂಚಿನವರೆಗೂ ತುಂಬಿಕೊಂಡು ಬಂದಿತ್ತು. ಅದನ್ನು ಎಲ್ಲಿ ಹರಿದು ತೆರೆಯಬೇಕೆಂದು ಕಚೇರಿಯ ಇಬ್ಬರು ಕಿರಿಯರಿಗೆ ನಾನೇ ತೋರಿಸಬೇಕಾಯಿತು. ಇಷ್ಟು ಶ್ರದ್ಧೆಯಿಂದ ಸಿಟ್ಟಾಗುವ ಓದುಗರು ಈಗ ವಿರಳ. ಪತ್ರವನ್ನು ಮೊಟಕುಗೊಳಿಸಿದ್ದಕ್ಕೆ ಕ್ಷಮೆಯಿರಲಿ. ಇಂದಿನ ಮೊಬೈಲ್ ಆಟಗಳಿಗೆ ನೀವು ಹಾಕಿದ ಶಾಪವನ್ನು ಜಾಗವಿಲ್ಲದೆ ಬಿಟ್ಟೆನೇ ಹೊರತು ಒಪ್ಪಿಗೆಯಿಲ್ಲದೆ ಅಲ್ಲ.

ನಿಮ್ಮ ವಾದದಲ್ಲಿ ಹುರುಳೇ ಇಲ್ಲ ಎನ್ನಲಾರೆ. ಹಳೆಯ ಆಟ ತನ್ನ ಯಂತ್ರದೊಡನೆ ಹೆಣೆದುಕೊಂಡೇ ಇರುತ್ತದೆ. ‘ಡಕ್ ಹಂಟ್’ ಆಟದ ಬಂದೂಕು ಪಿಕ್ಚರ್ ಟ್ಯೂಬಿನ ಟಿವಿಯೆದುರು ಮಾತ್ರ ಬಂದೂಕು. ಇಂದಿನ ಚಪ್ಪಟೆ ಟಿವಿಯೆದುರು ಬರೀ ಪ್ಲಾಸ್ಟಿಕ್. 1978ರ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಸಾಯುತ್ತ ಬಂದಂತೆ ಉಳಿದವರ ವೇಗ ಏರುತ್ತದಲ್ಲ, ಅದನ್ನು ಮೊದಲೇ ಯಾರೂ ಯೋಜಿಸಿರಲಿಲ್ಲ. ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಂತೆ ಚಿಪ್‌ನ ಹೊರೆ ಇಳಿದು ಅದು ಚುರುಕಾಗುತ್ತಿತ್ತು. ಆಟವನ್ನು ಕಟ್ಟಿದ ಟೊಮೊಹಿರೊ ನಿಶಿಕಾಡೊ ಅದನ್ನು ಗಮನಿಸಿ ಹಾಗೆಯೇ ಉಳಿಸಿಕೊಂಡರು. ನಾಣ್ಯ ಹಾಕಿ ಆಡುವ ಯಂತ್ರ ನಿಮ್ಮನ್ನು ಬೇಗ ಬೇಗ ಕೊಲ್ಲುವುದು ಮುಂದಿನ ನಾಣ್ಯದ ಆಸೆಗೆ. ಇದನ್ನೆಲ್ಲ ಅರಿಯದವರು ಬರೆದರೆ ತಪ್ಪುತ್ತಾರೆ, ಒಪ್ಪಿದೆ. ಆದರೆ ಇವೆಲ್ಲ ಓದಿ, ಕೇಳಿ ತಿಳಿಯಬಹುದಾದ ಸಂಗತಿಗಳು. ಜನನ ಪ್ರಮಾಣಪತ್ರದ ಜೊತೆ ಕೊಡುವಂಥವಲ್ಲ. ಆ ಆಟಗಳನ್ನು ಆಡುತ್ತಿದ್ದ ದಿನಗಳಲ್ಲಿ ನಿಮಗಾಗಲಿ ನನಗಾಗಲಿ ಇವುಗಳಲ್ಲಿ ಒಂದಾದರೂ ಗೊತ್ತಿತ್ತೇ?

ನಾನು ಆ ರಾಜಕುಮಾರನನ್ನು ಮೊದಲು ಕಂಡದ್ದು 1994ರಲ್ಲಿ, ನಮ್ಮೂರಿನ ಕಂಪ್ಯೂಟರ್ ತರಗತಿಯೊಂದರಲ್ಲಿ. ಚಪ್ಪಲಿಯನ್ನು ಹೊರಗೆ ಬಿಟ್ಟು, ಗರ್ಭಗುಡಿಗೆ ಹೋಗುವವರಂತೆ ಒಳಗೆ ಹೋಗುತ್ತಿದ್ದೆವು. ಫ್ಲಾಪಿಯ ಮೇಲೆ ಯಾರೋ ಬಾಲ್‌ಪೆನ್ನಿನಲ್ಲಿ ‘ಪ್ರಿನ್ಸ್’ ಎಂದು ಬರೆದಿದ್ದರು. ಅದು ಎಷ್ಟನೆಯ ನಕಲಿನ ನಕಲೋ ದೇವರೇ ಬಲ್ಲ. ಜೊತೆಗೆ ಬರಬೇಕಾಗಿದ್ದ ಕೈಪಿಡಿಯನ್ನು ನಮ್ಮ ಊರಿನಲ್ಲಿ ಯಾರೂ ನೋಡಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಬಣ್ಣವಿಲ್ಲದ ಪರದೆ. ಆಟದಲ್ಲಿ ರಾಜಕುಮಾರ ಕುಡಿಯುವ ಔಷಧದ ಶೀಷೆಗೂ ವಿಷದ ಶೀಷೆಗೂ ಮೇಲೇಳುವ ಗುಳ್ಳೆಯ ಬಣ್ಣ ಬೇರೆ ಎಂಬುದು ನನಗೆ ತಿಳಿದದ್ದು ಯಾವಾಗ ಗೊತ್ತೇ? ಕಳೆದ ತಿಂಗಳು, ನೀವು ಬೈದ ಆ ವಿಮರ್ಶೆಯ ಕರಡು ತಿದ್ದುವಾಗ. 30 ವರ್ಷ ನಾನು ಅದನ್ನು ಅದೃಷ್ಟದ ಆಟವೆಂದೇ ತಿಳಿದಿದ್ದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಆಟ ತೆರೆಯುವಾಗ ‘ಪ್ರಿನ್ಸ್’ ಎಂಬ ಪದದ ಪಕ್ಕದಲ್ಲಿ ‘ಮೆಗಾಹಿಟ್’ ಎಂದು ಸೇರಿಸಿದರೆ ಕಷ್ಟದ ಹಂತವನ್ನು ಎರಡು ಗುಂಡಿ ಒತ್ತಿ ದಾಟಿಬಿಡಬಹುದಿತ್ತು. ನಾನು ಹಾಗೆಯೇ ದಾಟಿದವನು. ನೀವೂ ದಾಟಿರಬಹುದು ಎಂಬ ಗುಮಾನಿ ನನಗಿದೆ. ಟಿವಿ ಗೇಮಿನ ಕಥೆಯೂ ಇಷ್ಟೇ. ನಮ್ಮ ಮಾರಿಯೊ ಜಪಾನಿನ ಯಂತ್ರದ ತದ್ರೂಪಿನಲ್ಲಿ ಓಡುತ್ತಿದ್ದ. ನಾವು ‘ಕ್ಯಾಸೆಟ್’ ಎಂದು ಕರೆಯುತ್ತಿದ್ದ ಡಬ್ಬಿಯ ಮೇಲೆ 9999 ಆಟಗಳು ಎಂದಿರುತ್ತಿತ್ತು. ಒಳಗೆ ಅದೇ ಹತ್ತಿಪ್ಪತ್ತು ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಹೀಗಿರುವಾಗ ಮೂಲದ ಅನುಭವಕ್ಕೆ ವಾರಸುದಾರರು ನಾವು ಎಂದು ಯಾವ ಬಾಯಿಂದ ಹೇಳೋಣ?

ನನ್ನ ಸೋದರಮಾವ ಉತ್ತರ ಕನ್ನಡದವರು, ಯಕ್ಷಗಾನದ ಹುಚ್ಚರು. ಆಟಕ್ಕೆ ಹೋದಾಗಲೆಲ್ಲ ನಡುವೆ ಎದ್ದು ಬಂದು, ‘ಈಗಿನವರದು ವೇಷವೂ ಅಲ್ಲ, ಕುಣಿತವೂ ಅಲ್ಲ, ನಾನು ಎಂಟು ವರ್ಷದವನಿದ್ದಾಗ ಗದ್ದೆಯಲ್ಲಿ ನೋಡಿದ ಕೌರವನ ಒಡ್ಡೋಲಗ ಇನ್ನು ಹುಟ್ಟಿ ಬರುವುದಿಲ್ಲ’ ಎನ್ನುತ್ತಿದ್ದರು. ಒಮ್ಮೆ ನಾನು, ಆ ರಾತ್ರಿ ಭಾಗವತರು ಯಾರಿದ್ದರು, ಗದಾಯುದ್ಧ ಹೇಗಾಯಿತು ಎಂದು ಬಿಡದೆ ಕೇಳಿದೆ. ಮಾವ ಬಹಳ ಹೊತ್ತು ಸುಮ್ಮನಿದ್ದು, ಗದಾಯುದ್ಧದ ಹೊತ್ತಿಗೆ ತಾನು ಕಂಬಳಿಯೊಳಗೆ ನಿದ್ದೆ ಹೋಗಿದ್ದೆ ಎಂದು ಒಪ್ಪಿಕೊಂಡರು. ಅವರಿಗೆ ನೆನಪಿದ್ದದ್ದು ಗ್ಯಾಸ್‌ಲೈಟಿನ ಸುಯ್ಯೆನ್ನುವ ಸದ್ದು, ಪೊಟ್ಟಣದ ಬಿಸಿ ಶೇಂಗಾ, ಅಪ್ಪನ ತೊಡೆ. ಅದನ್ನು ಬರೆದಿದ್ದರೆ ಚಂದದ ಪ್ರಬಂಧವಾಗುತ್ತಿತ್ತು. ಆ ಪ್ರಬಂಧದ ಬಲದ ಮೇಲೆ ಈಗಿನ ಕೌರವನಿಗೆ ಅಂಕ ಕಳೆಯುವುದು ಮಾತ್ರ ನ್ಯಾಯವಲ್ಲ. ನಮ್ಮ ಕಚೇರಿಗೆ ಹಳೆಯ ಆಟಗಳ ಬಗ್ಗೆ ಬರುವ ಬರಹಗಳಲ್ಲಿ ಬಹುಪಾಲು ಇಂಥ ಶೇಂಗಾ ಬರಹಗಳೇ. ಬೇಸಿಗೆ ರಜೆ, ಅಣ್ಣನ ಜಗಳ, ಕ್ಯಾಸೆಟ್‌ಗೆ ಉಫ್ ಎಂದು ಊದಿದ್ದು. ಆಟದಲ್ಲಿ ಏನಿತ್ತು ಎಂದು ಕೇಳಿದರೆ ಮಾವನ ಹಾಗೆ ಮೌನ.

ಈಗ ಆ ‘ಗೇಲಿ’ಗೆ ಬರೋಣ. ನನ್ನ ಪ್ರಕಾರ ಇಡೀ ವಿಮರ್ಶೆಯಲ್ಲಿ ಅತ್ಯಂತ ನಿಖರವಾದ ವಾಕ್ಯವೇ ಅದು. ಈ ಆಟವನ್ನು ಕಟ್ಟಿದ ಜೋರ್ಡನ್ ಮೆಕ್ನರ್ 1985ರಲ್ಲಿ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೊದಲ್ಲಿ ಸೆರೆಹಿಡಿದು, ಆ ಚೌಕಟ್ಟುಗಳನ್ನು ಒಂದೊಂದಾಗಿ ನೋಡಿಕೊಂಡು ರಾಜಕುಮಾರನ ಚಲನೆಯನ್ನು ಬಿಡಿಸಿದರು. ಕತ್ತಿವರಸೆಗೆ 1938ರ ರಾಬಿನ್ ಹುಡ್ ಚಿತ್ರದ ಕೊನೆಯ ಕಾಳಗವನ್ನು ಮಾದರಿಯಾಗಿ ಇಟ್ಟುಕೊಂಡರು. ಮಾರಿಯೊ ಗುಂಡಿಯ ಗುಲಾಮ. ಒತ್ತಿದ ಕ್ಷಣವೇ ನೆಗೆಯುತ್ತಾನೆ. ಈ ರಾಜಕುಮಾರನಿಗಾದರೋ ಮೈಭಾರವಿದೆ. ಎತ್ತಿದ ಕಾಲನ್ನು ಊರದೆ ಅವನು ಮುಂದಿನ ಮಾತನ್ನು ಕೇಳುವುದಿಲ್ಲ. ನಮ್ಮ ಲೇಖಕಿ ಇದನ್ನೇ ಎರಡು ಪ್ಯಾರಾ ಕೆಳಗೆ ಬಿಡಿಸಿ ಬರೆದಿದ್ದಾರೆ. ನೀವು ಅಲ್ಲಿಗೆ ಹೋಗುವಷ್ಟರಲ್ಲಿ ಇನ್‌ಲ್ಯಾಂಡ್ ಕಾಗದ ಹುಡುಕಲು ಎದ್ದಿರಬೇಕು. ನಾವೆಲ್ಲ ಆ ತಡವನ್ನು ನೂರಾರು ಸಲ ಅನುಭವಿಸಿಯೂ ಅದನ್ನು ಹೆಸರಿಟ್ಟು ಹೇಳಿರಲಿಲ್ಲ. ನಮಗೆ ಹೋಲಿಸಲು ಬೇರೆ ಏನಿತ್ತು?

ನೆರಳಿನ ವಿಷಯದಲ್ಲೂ ಹೀಗೆಯೇ. ನಾಲ್ಕನೇ ಹಂತದಲ್ಲಿ ರಾಜಕುಮಾರ ಕನ್ನಡಿಯನ್ನು ಹಾಯ್ದು ಹೋದಾಗ ಅವನ ನೆರಳು ಬೇರ್ಪಡುತ್ತದೆ. ಮುಂದೆ ಆ ನೆರಳು ಇವನ ಶೀಷೆ ಕುಡಿಯುತ್ತದೆ, ಇವನ ಮುಖಕ್ಕೆ ಬಾಗಿಲು ಹಾಕುತ್ತದೆ. ಆಟ ಮೊದಲು ಬಂದ ಆಪಲ್ 2 ಕಂಪ್ಯೂಟರಿನ ನೆನಪಿನ ಕೋಶದಲ್ಲಿ ಹೊಸ ಪಾತ್ರವೊಂದನ್ನು ಬಿಡಿಸಲು ಜಾಗ ಉಳಿದಿರಲಿಲ್ಲ. ರಾಜಕುಮಾರನ ಚಿತ್ರಗಳನ್ನೇ ಒಂದು ಚುಕ್ಕಿ ಸರಿಸಿ ಒಂದರ ಮೇಲೊಂದು ಕೂಡಿಸಿ ನೆರಳನ್ನು ಹುಟ್ಟಿಸಿದರು. ಬಡತನದಿಂದ ಬಂದ ಪಾತ್ರವೇ ಆಟದ ಆತ್ಮವಾಯಿತು. ಹನ್ನೆರಡನೇ ಹಂತದಲ್ಲಿ ಆ ನೆರಳು ಕತ್ತಿ ಹಿಡಿದು ಎದುರಾಗುತ್ತದೆ. ಅದಕ್ಕೆ ಹೊಡೆದ ಪೆಟ್ಟು ನಿಮಗೇ ತಗಲುತ್ತದೆ. ಕತ್ತಿಯನ್ನು ಒರೆಗೆ ಸೇರಿಸಿ ಅದರತ್ತ ನಡೆದುಹೋದರೆ ಇಬ್ಬರೂ ಒಂದಾಗುತ್ತಾರೆ. ನನಗೆ ಇದನ್ನು ಮೊದಲೇ ಯಾರೋ ಹೇಳಿಬಿಟ್ಟಿದ್ದರು. ನಮ್ಮ ಲೇಖಕಿಗೆ ಯಾರೂ ಹೇಳಿರಲಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಸಲ ಸತ್ತು, ಐದನೆಯ ಸಲ ಬೇಸತ್ತು ಕತ್ತಿ ಒಳಗಿಟ್ಟಾಗ ಆದದ್ದನ್ನು ನನಗೆ ಫೋನಿನಲ್ಲಿ ಹೇಳುವಾಗ ಆಕೆಯ ದನಿ ಏರಿತ್ತು. ನೀವು ಹೇಳುವ ರೋಮಾಂಚನ ಅದಲ್ಲದಿದ್ದರೆ ಇನ್ನಾವುದು? ಅಂಕ ಕಳೆದದ್ದು ನಡುವಿನ ಹಂತಗಳಿಗಾಗಿ. ನೆಲದ ಮೇಲಿನ ಗುಂಡಿ ತುಳಿ, ಬಾಗಿಲು ತೆರೆ, ಓಡು. ಮತ್ತೆ ಗುಂಡಿ ತುಳಿ. ಆಟ ಮುಗಿಸಲು ಕೊಟ್ಟ 60 ನಿಮಿಷದ ಗಡಿಯಾರ ಇಲ್ಲದಿದ್ದರೆ ಅಲ್ಲಿ ಆಕಳಿಕೆ ಬರುತ್ತಿತ್ತು ಎಂದು ಆಕೆ ಬರೆದರು. ಅದನ್ನು ಓದಿ ನನಗೂ ಚುರುಕ್ ಎಂದಿತು. ಅಲ್ಲಗಳೆಯಲು ಕಾರಣವೊಂದೂ ಸಿಗಲಿಲ್ಲ.

ಆ ಕಾಲದವರ ತೀರ್ಪಿನ ಬಗ್ಗೆ ನಿಮಗೆ ಅಷ್ಟು ಭರವಸೆಯಿದೆಯಲ್ಲ, ಆಪಲ್ 2ಕ್ಕೆ ಬಂದ ಈ ಆಟ ಮೊದಲಿಗೆ ಸರಿಯಾಗಿ ಮಾರಾಟವೇ ಆಗಲಿಲ್ಲ. ಆ ಯಂತ್ರದ ದಿನಗಳು ಮುಗಿಯುತ್ತ ಬಂದಿದ್ದವು. ಬೇರೆ ಯಂತ್ರಗಳಿಗೆ, ಬೇರೆ ದೇಶಗಳಿಗೆ ಹೋದ ಮೇಲೆ ಆಟಕ್ಕೆ ಕಳೆ ಬಂತು.

ಮೇಲಿನಿಂದ ಬೀಳುವ ತುಂಡುಗಳನ್ನು ಸಾಲಾಗಿ ಜೋಡಿಸುವ ‘ಟೆಟ್ರಿಸ್’ ನೋಡಿ. ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಕಟ್ಟಿದ ಆಟವನ್ನು ನಿಂಟೆಂಡೊ 1989ರಲ್ಲಿ ತನ್ನ ಟಿವಿ ಯಂತ್ರಕ್ಕೆ ತಂದಿತು. ಅದರ 29ನೇ ಹಂತದಲ್ಲಿ ತುಂಡುಗಳು ಬೀಳುವ ವೇಗಕ್ಕೆ ಮನುಷ್ಯನ ಬೆರಳು ಸಾಲದು, ಅಲ್ಲಿಗೆ ಆಟ ಮುಗಿಯಿತು ಎಂದು ಅದನ್ನು ಆಡಿ ಬೆಳೆದವರು ಬಹುಕಾಲ ನಂಬಿದ್ದರು. 2018ರ ವಿಶ್ವ ಸ್ಪರ್ಧೆಯ ಫೈನಲ್‌ನಲ್ಲಿ 16 ವರ್ಷದ ಜೋಸೆಫ್ ಸೇಲಿ, ಏಳು ಬಾರಿ ಗೆದ್ದಿದ್ದ ಜೋನಸ್ ನ್ಯೂಬಾವರ್ ಅವರನ್ನು ಸೋಲಿಸಿದರು. ಹಿರಿಯರು ಗುಂಡಿಯನ್ನು ಒತ್ತಿ ಹಿಡಿಯುತ್ತಿದ್ದ ಕಡೆ ಈ ಹುಡುಗ ಅದನ್ನು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ತಟ್ಟುತ್ತಿದ್ದ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಲಹೋಮಾದ 13 ವರ್ಷದ ಬಾಲಕನೊಬ್ಬ 157ನೇ ಹಂತಕ್ಕೆ ಹೋದ; ಕೊನೆಗೆ ಕೈಸೋತು ನಿಂತದ್ದು ಆಟವೇ. ಆಡುವುದು ಬೇರೆ, ವಿಮರ್ಶಿಸುವುದು ಬೇರೆ ಎನ್ನುತ್ತೀರಿ. ಹೌದು, ಬೇರೆ. ಆದರೆ 29ನೇ ಹಂತವೇ ಗೋಡೆ ಎಂಬ ನಂಬಿಕೆಯೂ ಒಂದು ವಿಮರ್ಶೆಯೇ ತಾನೇ? ಸಮಕಾಲೀನರದ್ದೇ, ಮತ್ತು ತಪ್ಪು.

ಈ ಮಕ್ಕಳ ಮೇಲೆ ನಾನು ಸಿಟ್ಟಾಗಬೇಕಾದದ್ದು ಒಂದೂ ಇಲ್ಲ. ಸಿಟ್ಟು ಬರುವುದು ನಮ್ಮ ತಲೆಮಾರಿನ ಮೇಲೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, ಆ ದೇಶದಲ್ಲಿ ಹಿಂದೆ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ ಎಂದು ತಿಳಿಯಿತು. ಗ್ರಂಥಾಲಯಗಳು ಅಂಥ ಆಟಗಳನ್ನು ದೂರದ ಸಂಶೋಧಕರಿಗೆ ಒದಗಿಸಲು ಅನುಮತಿ ಕೇಳಿದರೆ, ಅಲ್ಲಿನ ಕಾಪಿರೈಟ್ ಕಚೇರಿ 2024ರ ಅಕ್ಟೋಬರ್‌ನಲ್ಲಿ ಒಲ್ಲೆ ಎಂದಿತು. ಪ್ರಿನ್ಸ್ ಆಟದ ಮೂಲ ಕೋಡ್ ಕಳೆದೇಹೋಯಿತು ಎಂದುಕೊಂಡಿದ್ದರು. 2012ರಲ್ಲಿ ಮೆಕ್ನರ್ ಅವರ ತಂದೆಗೆ ಹಳೆಯ ಫ್ಲಾಪಿಗಳು ಸಿಕ್ಕಿದ್ದರಿಂದ ಉಳಿಯಿತು. ಆ ಆಟಕ್ಕೆ ಸಂಗೀತ ಕಟ್ಟಿದವರೂ ಅದೇ ತಂದೆ. ನಾನಾದರೋ ನನ್ನ ಫ್ಲಾಪಿಗಳನ್ನು, ನಾಲ್ಕು ವರ್ಷ ಸಂಬಳ ಕೂಡಿಸಿ ಕೊಂಡಿದ್ದ ಕಂಪ್ಯೂಟರಿನ ಸಮೇತ, ಗುಜರಿಯವನಿಗೆ ಕಿಲೋ ಲೆಕ್ಕದಲ್ಲಿ ಹಾಕಿದೆ. ತೂಗುವಾಗ ಅವನು ಕಲ್ಲು ಸರಿಯಾಗಿ ಇಟ್ಟನೇ ಎಂಬುದೊಂದೇ ಆಗ ನನ್ನ ಚಿಂತೆಯಾಗಿತ್ತು. ಉಳಿಸಬೇಕಾದದ್ದನ್ನು ಉಳಿಸದೆ, ಉಳಿದದ್ದನ್ನು ಹುಡುಕಿ ಆಡುವ ಹುಡುಗಿಗೆ ‘ನಿನಗೇನು ಗೊತ್ತು’ ಎನ್ನುವುದು ಯಾವ ಸೀಮೆಯ ಹಿರಿತನ?

ಅಂಕದ ವಿಷಯವಾಗಿ ನಿಮಗೆ ನೋವಾದದ್ದು ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಮೂರು ಅಂಕ ಎಂದರೆ ಅವಮಾನ. ಪುಸ್ತಕವಾಗಲಿ ಆಟವಾಗಲಿ ವಿಮರ್ಶೆ ಎಂದರೆ ಶಾಲು ಹೊದಿಸಿ ಫಲತಾಂಬೂಲ ಕೊಡುವುದು ಎಂದೇ ನಾವು ರೂಢಿ ಮಾಡಿಕೊಂಡಿದ್ದೇವೆ. ಬಿಡುಗಡೆಯ ಸಮಾರಂಭದಲ್ಲಿ ಮುನ್ನುಡಿಯನ್ನಷ್ಟೇ ಓದಿಬಂದವರು ಮುಕ್ಕಾಲು ಗಂಟೆ ಹೊಗಳುತ್ತಾರೆ. ಓದಿ ಎರಡು ಕೊರತೆ ಹೇಳಿದವನಿಗೆ ಸಂಜೆಯೊಳಗೆ ಫೋನು ಬರುತ್ತದೆ. ಕಳೆದ ವರ್ಷ ನಮ್ಮ ಪತ್ರಿಕೆಯ ವಿಮರ್ಶೆಯೊಂದಕ್ಕೆ ಮುನಿದ ಲೇಖಕರೊಬ್ಬರು ತಮ್ಮ ಚಂದಾವನ್ನಲ್ಲದೆ ತಮ್ಮ ಬೀಗರ ಚಂದಾವನ್ನೂ ನಿಲ್ಲಿಸಿದರು. ಇಂಥ ಊರಿನಲ್ಲಿ 21ರ ವಿದ್ಯಾರ್ಥಿನಿಯೊಬ್ಬರು ಆಟವನ್ನು ಕೊನೆಯವರೆಗೂ ಆಡಿ, ಇದು ಗೆದ್ದಿದೆ, ಇದು ಗೆದ್ದಿಲ್ಲ ಎಂದು ಕಾರಣ ಕೊಟ್ಟು ಬರೆದರೆ ನಾನು ಅಚ್ಚು ಹಾಕದೆ ಏನು ಮಾಡಲಿ?

ಆದರೂ ನಿಮ್ಮ ಮಾತನ್ನು ಹಾಗೆಯೇ ತಳ್ಳಿಹಾಕಲು ಮನಸ್ಸಾಗದೆ, ಕಳೆದ ಭಾನುವಾರ ಕಚೇರಿಯಲ್ಲಿ ಒಬ್ಬನೇ ಕುಳಿತು ಆಟವನ್ನು ತೆರೆದೆ. ಈ ಸಲ ‘ಮೆಗಾಹಿಟ್’ ಇಲ್ಲ ಎಂದು ಶಪಥ ಮಾಡಿಕೊಂಡಿದ್ದೆ. ಮೂರನೇ ಹಂತದಲ್ಲಿ ನೆಲದ ಮೇಲೆ ಬಿದ್ದಿರುವ ಅಸ್ಥಿಪಂಜರವೊಂದು ಎದ್ದು ನಿಂತು ಕತ್ತಿ ಹಿಡಿಯುತ್ತದೆ. ನಾನು ಅದನ್ನು ಕಂಡದ್ದೇ ಮೊದಲ ಸಲ. ಹೊಡೆದೆ, ಸಾಯಲಿಲ್ಲ, ಮತ್ತೆ ಹೊಡೆದೆ, ನಾನೇ ಸತ್ತೆ. ಆರು ಸಲ ಹೀಗಾದ ಮೇಲೆ ನಾಚಿಕೆ ಬಿಟ್ಟು ಲೇಖಕಿಗೆ ಫೋನು ಮಾಡಿದೆ. ‘ಸರ್, ಅದನ್ನು ಕೊಲ್ಲಲಾಗುವುದಿಲ್ಲ, ಅಂಚಿನವರೆಗೆ ಹಿಂದಕ್ಕೆ ಒತ್ತಿ ಕೆಳಗೆ ಬೀಳಿಸಬೇಕು. ನೀವು ಆಗ ಆಡಿದ್ದಿರಲ್ಲ?’ ಎಂದರು. ಹೌದು ಎಂದೆ.

ಮುಂದಿನ ಸಂಚಿಕೆಗೆ ನೀವೂ ಇದೇ ಆಟದ ಬಗ್ಗೆ 600 ಪದ ಬರೆದು ಕಳುಹಿಸಿ; ಇನ್‌ಲ್ಯಾಂಡ್ ಕಾಗದವೇ ಸಾಕು, ಇದೇ ಪುಟದಲ್ಲಿ ಹಾಕುತ್ತೇನೆ. ಮತ್ತೊಮ್ಮೆ ಆಡಿಯೇ ಬರೆಯಿರಿ. ತಿಂಗಳ 20ರೊಳಗೆ ನಮ್ಮ ಕೈ ಸೇರಲಿ.

— ಸಂಪಾದಕ