ಬಿಸಿಲೇರಿದರೆ ಹಿಂದೆ ಬೀಳುವ ಗಡಿಯಾರ

ಪ್ರಶ್ನೆ: ಗುಲಾಬಿ ಪಾಲಿಹೌಸ್‌ನಲ್ಲಿ ಮಣ್ಣಿನ ತೇವ, ತಾಪಮಾನ ಅಳೆದು ಕಳುಹಿಸುವ 12 ವೈರ್‌ಲೆಸ್ ನೋಡ್‌ಗಳಿವೆ (ಬ್ಯಾಟರಿಯ ಪುಟ್ಟ ಪೆಟ್ಟಿಗೆಗಳು). ಬ್ಯಾಟರಿ ಉಳಿಯಲೆಂದು ಅವು 10 ನಿಮಿಷಕ್ಕೊಮ್ಮೆ ಎದ್ದು, ಗೇಟ್‌ವೇ (ಎಲ್ಲ ನೋಡ್‌ಗಳ ಮಾಹಿತಿ ಪಡೆಯುವ ಕೇಂದ್ರ ಸಾಧನ) ಕರೆ ಬರಬೇಕಾದ ಹೊತ್ತಿಗೆ 100 ಮಿಲಿಸೆಕೆಂಡ್ ಮೊದಲು ರೇಡಿಯೊ ತೆರೆದು, 100 ಮಿಲಿಸೆಕೆಂಡ್ ನಂತರ ಮುಚ್ಚುತ್ತವೆ. ಗಂಟೆಗೊಮ್ಮೆ ಗೇಟ್‌ವೇಯಿಂದ ಸಮಯ ಬರುತ್ತದೆ. ರಾತ್ರಿಯಿಡೀ ಸರಿ, ಮಧ್ಯಾಹ್ನ ಬಿಸಿಲಿಗಿರುವ ಮೂರು ನೋಡ್‌ಗಳು ಕಾಣೆಯಾಗುತ್ತವೆ. ಏನು ಮಾಡಲಿ?
– ಓದುಗರೊಬ್ಬರು, ತಳೇಗಾಂವ್ ದಾಭಾಡೆ, ಪುಣೆ

ಉತ್ತರ: ರೇಡಿಯೊ ಬದಲಿಸಬೇಡಿ, ತೊಂದರೆ ಅಲ್ಲಿಲ್ಲ. ನೋಡ್ ನಿದ್ದೆಯಲ್ಲಿದ್ದಾಗ ಹೊತ್ತು ಎಣಿಸುವುದು 32,768 ಹರ್ಟ್ಸ್ ಕ್ರಿಸ್ಟಲ್. ಅದು ಸುಮಾರು 25 ಡಿಗ್ರಿಯಲ್ಲಿ ಅತಿ ವೇಗವಾಗಿ ಓಡುತ್ತದೆ. ಅಲ್ಲಿಂದ ಬಿಸಿಯಾದರೂ ತಣ್ಣಗಾದರೂ ನಿಧಾನ. ಎಷ್ಟು ಎಂದರೆ, ತಾಪಮಾನದ ವ್ಯತ್ಯಾಸದ ವರ್ಗವನ್ನು 0.034ರಿಂದ ಗುಣಿಸಿದಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ). ಪೆಟ್ಟಿಗೆಯೊಳಗೆ 55 ಡಿಗ್ರಿ ಇದ್ದರೆ 30 ಪಿಪಿಎಂ ದಾಟುತ್ತದೆ, ಗಂಟೆಗೆ ಸುಮಾರು 110 ಮಿಲಿಸೆಕೆಂಡ್. ನೋಡ್ ಏಳುವಷ್ಟರಲ್ಲಿ ಕರೆ ಮುಗಿದಿರುತ್ತದೆ. ಸಮಯದ ಸಂದೇಶವೂ ಹಾಗೇ ತಪ್ಪಿದರೆ ಆ ನೋಡ್ ತಾನಾಗಿ ದಾರಿಗೆ ಬರುವುದಿಲ್ಲ.

ರೇಡಿಯೊ ತೆರೆದಿಡುವ ಅವಧಿ ಹೆಚ್ಚಿಸಿದರೆ ಬ್ಯಾಟರಿಗೇ ಪೆಟ್ಟು. ಅದರ ಬದಲು 10 ನಿಮಿಷದ ಪ್ರತಿ ಕರೆಯಲ್ಲೂ ಸಮಯ ಸೇರಿಸಿ. ನಾಲ್ಕು ಬೈಟ್ ಸಾಕು. ಆಗ ಅದೇ ಬಿಸಿಲಿನಲ್ಲಿ ವ್ಯತ್ಯಾಸ 18 ಮಿಲಿಸೆಕೆಂಡ್ ಮಾತ್ರ.

ಸಮಯ ಬರೆಯುವ ಜಾಗ ಮುಖ್ಯ. ಪ್ರೋಗ್ರಾಂ ಪ್ಯಾಕೆಟ್ ಕಟ್ಟುವಾಗ ಬರೆದರೆ, ಚಾನೆಲ್ ಖಾಲಿಯಾಗಲು ರೇಡಿಯೊ ಕಾಯುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ, ಅದು ಪ್ರತಿ ಸಲ ಬೇರೆ. 5 ಮಿಲಿಸೆಕೆಂಡ್ ತಪ್ಪಿದರೂ 10 ನಿಮಿಷದಲ್ಲಿ 8 ಪಿಪಿಎಂ ಸುಳ್ಳು ಲೆಕ್ಕ. ರೇಡಿಯೊ ಚಿಪ್‌ನಲ್ಲಿ ಎಸ್‌ಎಫ್‌ಡಿ ಪಿನ್ (ಫ್ರೇಮ್, ಅಂದರೆ ಪ್ಯಾಕೆಟ್, ಶುರುವಾದ ಸೂಚನೆ ಕೊಡುವ ಕಾಲು) ಇದ್ದರೆ ಅದನ್ನು ಗೇಟ್‌ವೇ, ನೋಡ್ ಎರಡೂ ಕಡೆ ಟೈಮರ್ ಕ್ಯಾಪ್ಚರ್‌ಗೆ (ಸೂಚನೆ ಬಂದ ಕ್ಷಣವನ್ನು ಹಿಡಿದಿಡುವ ಎಣಿಕೆಗೆ) ಜೋಡಿಸಿ, ಫ್ರೇಮ್ ಹೊರಟ ಕ್ಷಣವನ್ನೇ ಬರೆಯಿರಿ. ವೈರ್‌ಲೆಸ್ ನೋಡ್‌ಗಳ ಗಡಿಯಾರ ಹೊಂದಿಸುವ 2004ರ ಎಫ್‌ಟಿಎಸ್‌ಪಿ ವಿಧಾನದ ಜೀವಾಳ ಇದೇ: ಗೇಟ್‌ವೇಯದೊಂದು, ನೋಡ್‌ನದೊಂದು, ಇಂಥ ಎಂಟು ಜೋಡಿ ಸಮಯಗಳಿಗೆ ಸರಳರೇಖೆ ಹೊಂದಿಸಿ ಕ್ರಿಸ್ಟಲ್‌ನ ವೇಗ ಕಂಡುಹಿಡಿಯುವುದು. ಆದರೆ ಬೆಳಗ್ಗೆ 8ರಿಂದ 11ರವರೆಗೆ ಪೆಟ್ಟಿಗೆ ಬೇಗ ಕಾಯುವುದರಿಂದ ಹಳೆಯ ರೇಖೆ ದಾರಿ ತಪ್ಪಿಸುತ್ತದೆ. ಆಗ ಕೊನೆಯ ಮೂರ್ನಾಲ್ಕು ಜೋಡಿಗಳನ್ನಷ್ಟೇ ನಂಬಿ. ಆದರೆ ನೋಡ್‌ನ ಸ್ವಂತ ಎಣಿಕೆಯನ್ನು ತಿದ್ದಬೇಡಿ, ಗೇಟ್‌ವೇ ಸಮಯವನ್ನು ಅದರಿಂದ ಲೆಕ್ಕ ಹಾಕಿ. ಗಡಿಯಾರ ಹಿಂದಕ್ಕೆ ಜಿಗಿದರೆ ಅಲಾರಂಗಳು ಕೆಡುತ್ತವೆ.

ಎರಡು ಕರೆ ತಪ್ಪಿದರೆ ಒಮ್ಮೆ ಪೂರ್ತಿ 10 ನಿಮಿಷ ಆಲಿಸುವಂತೆ ಬರೆದಿಡಿ.

ಬೋರ್ಡನ್ನೂ ನೋಡಿ. 12.5 ಪಿಕೊಫ್ಯಾರಡ್ ಲೋಡ್ ಬೇಡುವ ಕ್ರಿಸ್ಟಲ್‌ಗೆ ಎರಡೂ ಕಾಲಿಗೆ ಸುಮಾರು 18 ಪಿಕೊಫ್ಯಾರಡ್ ಕೆಪಾಸಿಟರ್ ಬೇಕು. ಕಡಿಮೆಯಾದರೆ ವೇಗ ಹೆಚ್ಚುತ್ತದೆ. ಕಾಲುಗಳ ಸುತ್ತ ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಪಾಲಿಹೌಸ್‌ನ ತೇವಕ್ಕೆ ಅಲ್ಲಿ ಕರೆಂಟ್ ಸೋರಿ ಕ್ರಿಸ್ಟಲ್ ನಿಂತೇ ಹೋಗಬಹುದು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಒಣಗಿಸಿ.

ಪ್ರಶ್ನೆ: ಸರಿಯಾದ ಸಮಯಕ್ಕಾಗಿ ಪ್ರತಿ ನೋಡ್‌ಗೂ ಜಿಪಿಎಸ್ ಹಾಕಬಾರದೇ?
– ಮಡಗಾಂವ್, ಗೋವಾ

ಉತ್ತರ: ಬೇಡ. ಉಪಗ್ರಹ ಹುಡುಕುವಾಗ ಅದು ಹತ್ತಾರು ಮಿಲಿಆಂಪಿಯರ್ ಎಳೆಯುತ್ತದೆ. ಕರೆಂಟ್ ಇರುವ ಗೇಟ್‌ವೇಗೆ ಒಂದು ಹಾಕಿ, ಅದರ ಸೆಕೆಂಡಿಗೊಮ್ಮೆ ಬರುವ ಪಿಪಿಎಸ್ ಪಲ್ಸ್ ಬಳಸಿ.