ಮಕ್ಕಳಿರುವ ಮನೆಗೆ ಎಂಥ ನಾಯಿ?

ಪತ್ರ ಬರೆದಿರುವ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರದಲ್ಲಿ ಮೂರು ತಳಿಗಳ ಹೆಸರಿವೆ. ವಿಡಿಯೊದಲ್ಲಿ ಕಂಡ ನೀಲಿಗಣ್ಣಿನ ಹಸ್ಕಿಯೇ ಬೇಕೆಂದು 7 ವರ್ಷದ ಮಗಳು ಹಟ ಹಿಡಿದಿದ್ದಾಳೆ. ಕಾವಲಿಗೂ ಆಗುತ್ತದೆಂದು ನಿಮ್ಮ ಪತಿಯವರು ಜರ್ಮನ್ ಶೆಫರ್ಡ್ ಎನ್ನುತ್ತಿದ್ದಾರೆ. 2 ವರ್ಷದ ಮಗನಿಗೆ ಭಯವಾಗದಷ್ಟು ಪುಟ್ಟದಿರಲಿ ಎಂದು ನೀವು ಚಿಹುವಾಹುವಾ ಕಡೆಗೆ ಒಲಿದಿದ್ದೀರಿ. ಮೂರನೇ ಮಹಡಿಯ ಮನೆ, ದಂಪತಿಗಳಿಬ್ಬರಿಗೂ ಉದ್ಯೋಗ, ಹಗಲು ಮಕ್ಕಳನ್ನು ನೋಡಿಕೊಳ್ಳುವವರು ನಿಮ್ಮ ಅತ್ತೆಯವರು. ಇಷ್ಟನ್ನು ತಿಳಿಸಿ, "ಮಕ್ಕಳನ್ನು ಎಂದೂ ಕಚ್ಚದ ತಳಿ ಯಾವುದು?" ಎಂದು ಕೇಳಿದ್ದೀರಿ.

ಅಂಥ ತಳಿ ಇಲ್ಲ. ಹೆದರಿದಾಗ, ನೋವಾದಾಗ, ಸರಿದುಹೋಗಲು ದಾರಿಯಿಲ್ಲದಾಗ ಯಾವ ನಾಯಿಯೂ ಕಚ್ಚಬಹುದು. ಚಿಕ್ಕ ಮಕ್ಕಳಿಗೆ ಕಡಿತವಾಗುವುದು ಎಷ್ಟೋ ಸಲ ಚೆನ್ನಾಗಿ ಗೊತ್ತಿರುವ ನಾಯಿಯಿಂದಲೇ, ಮನೆಯೊಳಗೇ. ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುವುದರಿಂದ ಗಾಯವೂ ಮುಖಕ್ಕೇ ಆಗುತ್ತದೆ.

ಹಾಗೆಂದು ತಳಿಯ ವಿಚಾರ ವ್ಯರ್ಥವೆಂದು ನಾನು ಹೇಳುವುದಿಲ್ಲ. ಒಂದು ತಳಿಯನ್ನು ಯಾವ ಕೆಲಸಕ್ಕಾಗಿ ಬೆಳೆಸಿದರೋ ಆ ಕೆಲಸದ ಚಾಳಿ ಅದರಲ್ಲಿ ಬಹಳಮಟ್ಟಿಗೆ ಉಳಿದಿರುತ್ತದೆ. ಹಸ್ಕಿ ಹಿಮದ ಮೇಲೆ ಬಹುದೂರ ಗಾಡಿ ಎಳೆದ ನಾಯಿ; ಅದರ ಎರಡು ಪದರದ ತುಪ್ಪಳಕ್ಕೆ ಸೆಕೆ ಆಗದು, ಓಟವಿಲ್ಲದ ದಿನ ಅದರ ಚೈತನ್ಯವೆಲ್ಲ ಮನೆಯ ಸಾಮಾನಿನ ಮೇಲೆ ತಿರುಗುತ್ತದೆ. ಶೆಫರ್ಡ್ ಕುರಿ ಕಾಯ್ದ ನಾಯಿ. ಬುದ್ಧಿವಂತ, ನಿಷ್ಠಾವಂತ, ಆದರೆ ಮಗಳ ಗೆಳತಿಯರು ಕಿರುಚುತ್ತಾ ಒಳಗೆ ನುಗ್ಗಿದಾಗ ಅವರನ್ನು ಮನೆಯವರೆಂದು ಅದು ತಾನಾಗಿ ತಿಳಿಯುವುದಿಲ್ಲ, ತಾಳ್ಮೆಯಿಂದ ಕಲಿಸಬೇಕಾಗುತ್ತದೆ. ಇನ್ನು ಚಿಹುವಾಹುವಾ. ಇಲ್ಲಿ ನಿಮ್ಮ ಎಣಿಕೆಯೇ ತಿರುವುಮುರುವಾಗಿದೆ ಎಂದು ನನಗೆ ಅನ್ನಿಸುತ್ತದೆ. ಸುಮಾರು 3 ಕಿಲೊಗಿಂತ ಹಗುರಾದ ಆ ನಾಯಿಯ ಮೂಳೆಗಳು ಬಲು ಸೂಕ್ಷ್ಮ. 2 ವರ್ಷದ ಮಗು ಅದನ್ನು ಎತ್ತಿಕೊಂಡು ಕೈಬಿಟ್ಟರೆ ಕಾಲು ಮುರಿಯಬಹುದು. ಹಾಗೆ ಒಮ್ಮೆ ನೊಂದ ನಾಯಿ ಮಗು ಹತ್ತಿರ ಬಂದಾಗಲೆಲ್ಲ ಮುಂಚಿತವಾಗಿಯೇ ಹಲ್ಲು ತೋರಿಸಲು ಕಲಿಯುತ್ತದೆ.

ಲ್ಯಾಬ್ರಡಾರ್ ಮತ್ತು ಗೋಲ್ಡನ್ ರಿಟ್ರೀವರ್‌ಗಳಿಗೆ ಮಕ್ಕಳ ಸ್ನೇಹಿತರೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ಬೇಟೆಗಾರ ಹೊಡೆದುರುಳಿಸಿದ ಹಕ್ಕಿಯನ್ನು ಕಚ್ಚಿ ಹಾಳುಮಾಡದೆ ತಂದು ಕೈಗೊಪ್ಪಿಸಲೆಂದು ಬೆಳೆಸಿದ ತಳಿಗಳು ಅವು. ಮೃದುವಾದ ಬಾಯಿ, ಮನುಷ್ಯರ ಮಾತಿಗೆ ಕಾಯುವ ಸ್ವಭಾವ ಅಲ್ಲಿಂದ ಬಂದಿವೆ. ಆದರೆ 30 ಕಿಲೊ ತೂಗುವ ಎಳೆಯ ಲ್ಯಾಬ್ರಡಾರ್‌ಗೆ ಎರಡು ವರ್ಷ ತುಂಬುವವರೆಗೂ ತನ್ನ ಮೈಭಾರದ ಅರಿವಿರುವುದಿಲ್ಲ. ಅದು ಪ್ರೀತಿಯಿಂದ ಹಾರಿದರೂ ನಿಮ್ಮ ಮಗ ನೆಲಕ್ಕೆ ಬೀಳುತ್ತಾನೆ, ಸರಪಣಿ ಜಗ್ಗಿದರೆ ನಿಮ್ಮ ಅತ್ತೆಯವರೂ ಬಿದ್ದಾರು.

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಅಧ್ಯಯನವೊಂದು ಪ್ರಕಟವಾಯಿತು. ನಾಯಿಯಿಂದ ನಾಯಿಗೆ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ 9ರಷ್ಟು ಮಾತ್ರ ಎಂದು ಅದು ಹೇಳಿತು. ಆದ್ದರಿಂದ ತಳಿಯ ಹೆಸರು ನೋಡಿ ಮುಗಿಸದೆ ಮುಂದಿರುವ ಆ ಒಂದು ನಾಯಿಯನ್ನು ನೋಡಿ. ಮರಿಯಾದರೆ, ತಾಯಿಯನ್ನು ತೋರಿಸಲು ಒಪ್ಪದವರಿಂದ ತರಲೇಬೇಡಿ. 8 ವಾರ ತುಂಬುವ ಮೊದಲು ಅದನ್ನು ತಾಯಿಯಿಂದ ಅಗಲಿಸಬಾರದು. 3ನೇ ವಾರದಿಂದ ಸುಮಾರು 14ನೇ ವಾರದವರೆಗೆ ಅದು ಕಂಡು, ಕೇಳಿ, ಮುಟ್ಟಿಸಿಕೊಂಡು ಒಗ್ಗಿದ್ದು ಜೀವನವಿಡೀ ನಿಲ್ಲುತ್ತದೆ. ಆ ದಿನಗಳಲ್ಲಿ ಮಕ್ಕಳ ಗಲಾಟೆಯನ್ನೇ ಕಾಣದ ಮರಿ ಮುಂದೆ ಮಕ್ಕಳಿಗೆ ಬೆಚ್ಚುವ ಸಂಭವ ಹೆಚ್ಚು.

ನನ್ನ ಮಟ್ಟಿಗೆ ತಳಿಗಿಂತ ದೊಡ್ಡ ಮಾತೊಂದಿದೆ. ನಮ್ಮ ಮನೆಯಲ್ಲಿ ಹಿಂದೆ ಒಂದು ಬೀಗಲ್ ಇತ್ತು. ಬಂಧುಗಳ ಪುಟ್ಟ ಮಗುವೊಂದು ಅದರ ಕುತ್ತಿಗೆಗೆ ಎರಡೂ ಕೈ ಹಾಕಿ ತಬ್ಬಿಕೊಂಡಾಗ ನಾವೆಲ್ಲ ಸಂತೋಷದಿಂದ ಫೋಟೊ ತೆಗೆದೆವು. ಆ ಫೋಟೊ ಈಗಲೂ ನನ್ನ ಬಳಿ ಇದೆ. ಅದರಲ್ಲಿ ನಾಯಿಯ ಮುಖ ಮಗುವಿನಿಂದ ಆಚೆಗೆ ತಿರುಗಿದೆ, ನಾಲಗೆಯ ತುದಿ ಮೂಗನ್ನು ನೆಕ್ಕುತ್ತಿದೆ, ಕಣ್ಣಂಚಿನಲ್ಲಿ ಬಿಳಿ ಕಾಣುತ್ತಿದೆ. "ಸಾಕು, ಬಿಡು" ಎಂದು ಅದು ತನಗೆ ತಿಳಿದಂತೆ ಹೇಳುತ್ತಲೇ ಇತ್ತು, ನಮಗೆ ಅರ್ಥವಾಗಿರಲಿಲ್ಲ. ಅಂದು ಏನೂ ಆಗಲಿಲ್ಲ, ಅದು ಆ ನಾಯಿಯ ದೊಡ್ಡತನ. ಇದರ ಮುಂದಿನ ಹಂತ ಗುರುಗುಟ್ಟುವುದು. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಗದರಿ ಬಾಯಿ ಮುಚ್ಚಿಸಿದರೆ, ಎಚ್ಚರಿಕೆ ಕೊಡದೆ ಕಚ್ಚುವುದನ್ನು ನಾವೇ ಕಲಿಸಿದಂತಾಗುತ್ತದೆ. ಈ ಸಂಜ್ಞೆಗಳನ್ನು ನಿಮ್ಮ ಮಗಳಿಗೆ ಈಗಲೇ ಕಲಿಸಬಹುದು. ಮಗನಿಗೆ ಸಾಧ್ಯವಿಲ್ಲ.

ಆದ ಕಾರಣ ನೇರವಾಗಿ ಹೇಳುತ್ತೇನೆ: ಮಗನಿಗೆ 5 ವರ್ಷ ಆಗುವವರೆಗೆ ಮರಿ ತರಬೇಡಿ. ಗಂಟೆಗೊಮ್ಮೆ ಹೊರಗೆ ಕರೆದೊಯ್ಯಬೇಕಾದ, ಹಲ್ಲು ಮೂಡುವಾಗ ಕಂಡದ್ದನ್ನೆಲ್ಲ ಕಚ್ಚುವ ಮರಿಯನ್ನೂ ಆ ಪೋರನನ್ನೂ ಅತ್ತೆಯವರೊಬ್ಬರೇ ಸಂಭಾಳಿಸುವುದು ಆಗದ ಮಾತು. ಅಷ್ಟು ಕಾಯಲಾರಿರಾದರೆ, ಮಕ್ಕಳಿರುವ ಮನೆಯಲ್ಲೇ ಬೆಳೆದ, 3 ವರ್ಷ ದಾಟಿ ಶಾಂತವಾದ ರಿಟ್ರೀವರನ್ನೋ ಅಂಥದೇ ಸ್ವಭಾವದ ಮಿಶ್ರತಳಿಯನ್ನೋ ಹುಡುಕಿ. ಬೆಳಿಗ್ಗೆ ಸಂಜೆ ಎರಡು ಹೊತ್ತು ಅದನ್ನು ನಡೆಸುವವರು ಯಾರೆಂದು ನೀವು ದಂಪತಿಗಳು ಮೊದಲೇ ತೀರ್ಮಾನಿಸಿಕೊಳ್ಳಿ. ಆ ಹೊಣೆ ಮಗಳ ಮೇಲೆ ಬೀಳಬಾರದು.

ತರುವ ಮುಂಚೆ ಬೇರೆ ಬೇರೆ ಎರಡು ದಿನ ಮಕ್ಕಳ ಸಮೇತ ಹೋಗಿ ಅದರ ಜೊತೆ ಒಂದೊಂದು ಗಂಟೆ ಕಳೆಯಿರಿ. ಮಕ್ಕಳನ್ನು ಸುಮ್ಮನೆ ಕೂರಿಸಿ, ನಾಯಿಯೇ ಹತ್ತಿರ ಬರಲಿ. ಮೈ ಸಡಿಲಬಿಟ್ಟು ಬಂದು ಮೂಸಿ, ಹೋಗಿ, ಮತ್ತೆ ತಾನಾಗಿ ಬಂದರೆ ಮಾತು ಮುಂದುವರಿಸಬಹುದು. ಎರಡನೇ ದಿನವೂ ಅದು ಮೂಲೆಯಲ್ಲೇ ಉಳಿದರೆ, ಮಗಳು ಎಷ್ಟೇ ಅತ್ತರೂ ಬರಿಗೈಯಲ್ಲಿ ಮನೆಗೆ ಬನ್ನಿ.