ಕಾಲರ್ ಮೂಳೆಗೆ ಪ್ಲೇಟ್: ಮೇಲ್ಭಾಗದಲ್ಲೋ, ಮುಂಭಾಗದಲ್ಲೋ?

ಕತ್ತಿನ ಬುಡದಿಂದ ಹೆಗಲಿಗೆ ಹೋಗುವ ಕಾಲರ್ ಮೂಳೆ ಮುರಿದಾಗ ಅದನ್ನು ಹಿಡಿದಿಡುವ ಲೋಹದ ಪ್ಲೇಟನ್ನು ಮೇಲೆ ಕೂರಿಸಿದರೆ ಒಳ್ಳೆಯದೋ, ಮುಂದೆ ಕೂರಿಸಿದರೆ ಒಳ್ಳೆಯದೋ ಎಂದು ಕೇಳಿದ್ದೀರಿ. ನನ್ನ ಬಲಗಡೆಯ ಒಂದೇ ಮೂಳೆಗೆ ಎರಡೂ ಆಗಿವೆ.

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ರಸ್ತೆಯಲ್ಲಿ ಬೈಕಿನಿಂದ ಬಿದ್ದಾಗ ಮೂಳೆ ನಡುವೆಯೇ ಮುರಿದು, ತುದಿಗಳು ಒಂದರ ಮೇಲೊಂದು ಎರಡು ಸೆಂಟಿಮೀಟರಿಗಿಂತ ಹೆಚ್ಚು ಸರಿದಿದ್ದವು. ವೈದ್ಯರು ಪ್ಲೇಟನ್ನು ಮೇಲ್ಭಾಗದಲ್ಲಿ ಕೂರಿಸಿ, ಮೂರು ತಿಂಗಳು ಭಾರ ಎತ್ತಬಾರದೆಂದು ಹೇಳಿ ಕಳುಹಿಸಿದರು. ಏಳನೆಯ ವಾರಕ್ಕೆ ನೋವು ಪೂರ್ತಿ ಹೋಯಿತು. ನನ್ನನ್ನು ಕೆಡಿಸಿದ್ದು ಅದೇ. ಮಳೆ ಹಿಡಿದು ದ್ರಾಕ್ಷಿಗೆ ಬೂಜು ರೋಗ ಬಂದಿತ್ತು, ಔಷಧಿ ಹೊಡೆಯಲು ಆಳು ಸಿಗಲಿಲ್ಲ. ಭಾರವೆಂದರೆ ಮೂಟೆ, ಪಂಪನ್ನು ನಾವು ಎತ್ತುವುದಿಲ್ಲ, ಬೆನ್ನಿಗೆ ತೊಡುತ್ತೇವೆ ಎಂದು ನನಗೆ ನಾನೇ ವಾದ ಹೂಡಿಕೊಂಡೆ. ಹದಿನಾರು ಲೀಟರ್ ತುಂಬಿದ ಪಂಪನ್ನು ಹೆಂಡತಿಯೇ ಎತ್ತಿ ಬೆನ್ನಿಗೇರಿಸಿದಳು. ಅದರ ಪಟ್ಟಿ ಕುಳಿತದ್ದು ನೇರವಾಗಿ ಪ್ಲೇಟಿನ ಮೇಲೆ. ಸಾಲದ್ದಕ್ಕೆ ದ್ರಾಕ್ಷಿ ಚಪ್ಪರ ತಲೆಯ ಮೇಲಿರುವುದರಿಂದ ಬಲಗೈಯನ್ನು ದಿನವಿಡೀ ಮೇಲಕ್ಕೆ ಚಾಚಬೇಕು, ತೋಳು ಹೆಗಲಿಗಿಂತ ಮೇಲೆ ಹೋದಾಗಲೆಲ್ಲ ಈ ಮೂಳೆ ತಿರುಚಿಕೊಳ್ಳುತ್ತದೆ. ನೋವು ನಿಂತಿದ್ದು ತುದಿಗಳು ಅಲುಗದಂತೆ ಲೋಹ ಹಿಡಿದಿದ್ದರಿಂದ, ಅವು ಕೂಡಿದ್ದರಿಂದಲ್ಲ. ಚಪ್ಪರದ ಕಟ್ಟುತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಅದು ತುಂಡಾಗುವಂತೆ, ನಾಲ್ಕನೆಯ ತಿಂಗಳು ಪ್ಲೇಟ್ ಒಂದು ಸ್ಕ್ರೂ ತೂತಿನ ಬಳಿ ಮುರಿಯಿತು.

ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಸೊಂಟದ ಮೂಳೆಯಿಂದ ಚೂರು ತೆಗೆದು ತುಂಬಿ, ಹೊಸ ಪ್ಲೇಟನ್ನು ಮುಂಭಾಗಕ್ಕೆ ಸ್ವಲ್ಪ ಕೆಳಗಾಗಿ ಕೂರಿಸಿದರು. ನನಗೆ ಹಿತವೆನಿಸಿದ್ದು ಇದೇ. ಮೇಲಿನ ಪ್ಲೇಟಿಗೆ ಚರ್ಮದ ಹೊದಿಕೆಯಷ್ಟೇ ಇರುವುದರಿಂದ ಕೈಗೆ ತಗಲುತ್ತದೆ, ಪಟ್ಟಿ ಉಜ್ಜುತ್ತದೆ, ಅದನ್ನು ತೆಗೆಸಿಕೊಳ್ಳುವವರೂ ಹೆಚ್ಚು. ಮುಂದಿನದು ಸ್ನಾಯುವಿನ ಮರೆಯಲ್ಲಿರುತ್ತದೆ, ಉದ್ದದ ಸ್ಕ್ರೂ ಹಿಡಿಸುತ್ತದೆ. ಮೇಲಿನಿಂದ ಕೊರೆಯುವಾಗ ಕೆಳಗಿರುವ ದೊಡ್ಡ ರಕ್ತನಾಳ ಮತ್ತು ಶ್ವಾಸಕೋಶದ ಕಡೆಗೆ ಮೊನೆ ನೆಟ್ಟಗೆ ಇಳಿಯುವ ಭಯವೂ ಇಲ್ಲಿ ಕಡಿಮೆ. ಆದರೆ ಸ್ನಾಯುವನ್ನು ಸ್ವಲ್ಪ ಬಿಡಿಸಬೇಕಾಗುತ್ತದೆ. ಕೈಯ ತೂಕ ಮೂಳೆಯನ್ನು ಕೆಳಕ್ಕೆ ಬಗ್ಗಿಸುವಾಗ ಅದನ್ನು ತಡೆಯುವ ಬಲವೂ ಮೇಲಿನ ಪ್ಲೇಟಿಗೇ ಹೆಚ್ಚು. ಗಾಯದ ಕೆಳಗಿನ ಜೋಮು ಎರಡರಲ್ಲೂ ಬಂತು. ಮೂಳೆ ಕೂಡುವ ವಿಷಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಜಾಗವನ್ನು ನಿಮ್ಮ ವೈದ್ಯರ ಕೈಗೆ ಪಳಗಿದ ಕಡೆಗೆ ಬಿಡಿ. ಹೆಗಲಿಗೆ ಪಟ್ಟಿ ಹಾಕುವ ಕಸುಬಾದರೆ ಅದನ್ನು ಮೊದಲೇ ತಿಳಿಸಿ. 2007ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಜೋಲಿಯಲ್ಲೇ ಕೈ ಇರಿಸಿಕೊಂಡ 49 ಜನರಲ್ಲಿ 7 ಮಂದಿಗೆ ಮೂಳೆ ಕೂಡಲಿಲ್ಲ, ಪ್ಲೇಟ್ ಹಾಕಿಸಿಕೊಂಡ 62 ಜನರಲ್ಲಿ 2 ಮಂದಿಗೆ ಮಾತ್ರ. ಅಂಥ ಇಬ್ಬರ ಸಾಲಿಗೆ ನಾನು ಸೇರಿದ್ದು ಪ್ಲೇಟ್ ಕುಳಿತ ಜಾಗದಿಂದಲ್ಲ, ಪಂಪಿನಿಂದ. ಬೀಡಿ, ಸಿಗರೇಟು ಇದ್ದರೆ ಇವತ್ತೇ ಬಿಡಿ, ಮೂಳೆ ಕೂಡುವುದಕ್ಕೆ ಅದೂ ಅಡ್ಡಿ.

ಎರಡನೆಯ ಸಲ, ಎಕ್ಸ್-ರೇಯಲ್ಲಿ ಮುರಿದ ಗೆರೆ ಮುಚ್ಚಿಹೋಗಿರುವುದನ್ನು ವೈದ್ಯರು ಬೆರಳಿಟ್ಟು ತೋರಿಸಿದ ಮೇಲೆಯೇ ಪಂಪ್ ಮುಟ್ಟಿದೆ. ಅಷ್ಟರಲ್ಲಿ ಆರು ತಿಂಗಳು ಕಳೆದಿತ್ತು, ಆ ಬೆಳೆಯೂ ಕೈಬಿಟ್ಟಿತ್ತು.